ಡ್ರೈವರಿಗೊಂದು ಕಿಟಕಿ ಸೀಟು

ಬಸ್ ಸ್ಟಾಪು ಕಂಡರೆ ನನ್ನ ಗಂಡನ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ಇದು ಹುಟ್ಟುಗುಣವೂ ಅಲ್ಲ, ಡಿಪೋ ಕಲಿಸಿದ ಗುಣ. ಇಪ್ಪತ್ತು ವರ್ಷ ಒಂದೇ ರೂಟಿನಲ್ಲಿ ಸಿಟಿ ಬಸ್ಸು ಓಡಿಸಿದವರು. ಈಗ ನಾವು ಊರೂರು ಸುತ್ತಲು ಹೊರಟ ಮನೆಗಾಡಿಯೂ ಅಸಲಿಗೆ ಬಸ್ಸೇ. ಡಿಪೋದವರು ಗುಜರಿಗೆ ಹಾಕಬೇಕೆಂದಿದ್ದ ಒಂದು ಚಿಕ್ಕ ಬಸ್ಸನ್ನು ಇವರು ಮನೆಗೆ ತಂದು, ಹಿಂದಿನ ಸೀಟುಗಳನ್ನೆಲ್ಲ ಬಿಚ್ಚಿ, ಎರಡು ಮಂಚ ಹಾಕಿ, ನಡುವೆ ಒಂದು ಗ್ಯಾಸ್ ಒಲೆ ಕೂರಿಸಿದರು. ಮುಂದಿನ ಕೆಲವು ಸೀಟುಗಳನ್ನು ಹಾಗೇ ಬಿಟ್ಟರು. ಹಳದಿ ಬಣ್ಣವನ್ನೂ ಬದಲಿಸಲಿಲ್ಲ. "ಇಷ್ಟು ವಯಸ್ಸಾದ ಮೇಲೆ ಬೇರೆ ಬಣ್ಣ ಬಳಿದ್ರೆ ಬಸ್ಸಿಗೆ ಮುಜುಗರ ಆಗುತ್ತೆ" ಎಂದರು. ಬಸ್ಸಿನ ಮುಜುಗರ ತಿಳಿಯುವ ಈ ಮನುಷ್ಯನಿಗೆ ಹೆಂಡತಿಯ ಕುತ್ತಿಗೆ ನೋವು ಮಾತ್ರ ತಿಳಿಯುವುದಿಲ್ಲ.

ಕುತ್ತಿಗೆ ನೋವಿಗೆ ಕಾರಣವಿದೆ. ಹೊರಡುವ ಮುಂಚೆ ಕಣ್ಣಿನ ಡಾಕ್ಟರು ಇವರನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ ಬಹಳ ಹೊತ್ತು ಪರೀಕ್ಷೆ ಮಾಡಿದ್ದರು. "ಎದುರಿಗಿರೋದು ಚೆನ್ನಾಗಿ ಕಾಣುತ್ತೆ. ಪಕ್ಕದ್ದು ಹೋಗ್ತಾ ಇದೆ, ಎರಡೂ ಕಡೆಯಿಂದ ಪರದೆ ಎಳೆದ ಹಾಗೆ. ಇನ್ನು ಸ್ಟೇರಿಂಗ್ ಮುಟ್ಟಬೇಡಿ" ಎಂದಿದ್ದರು. ಇವರು ಆಸ್ಪತ್ರೆಯಿಂದ ಸೀದಾ ಡಿಪೋಗೆ ಹೋಗಿ, ವಿಷಯ ಹೇಳಿ, ಡ್ಯೂಟಿಯಿಂದ ಇಳಿದುಬಿಟ್ಟರು. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಗೆ ಬಂದವರೇ ಹಳದಿ ಬಸ್ಸಿಗೆ ಎಣ್ಣೆ ಹಾಕತೊಡಗಿದರು. ನಾನು ಸೊಂಟಕ್ಕೆ ಕೈಕೊಟ್ಟು ನಿಂತೆ. "ಜನರ ಬಸ್ಸು ಬೇರೆ ಕಣೇ, ನಮ್ಮ ಬಸ್ಸು ಬೇರೆ. ಇದೊಂದು ಟ್ರಿಪ್ ಮುಗೀಲಿ" ಎಂದರು. ನಾನು ಕೂಗಾಡಿದೆ, ಎರಡು ದಿನ ಮಾತು ಬಿಟ್ಟೆ. ಕೊನೆಗೆ ಅವರ ಮುಖ ನೋಡಲಾಗದೆ ಒಂದು ಒಪ್ಪಂದಕ್ಕೆ ಬಂದೆ. ಪಕ್ಕದಲ್ಲಿ ನಾನು ಕೂರಬೇಕು, ಎಡಬಲದಲ್ಲಿ ಏನಿದೆಯೆಂದು ನಾನು ಹೇಳುತ್ತಿರಬೇಕು.

ನನಗೇ ಡ್ರೈವಿಂಗ್ ಬರುತ್ತದೆ ಅನ್ನುವುದನ್ನು ಇಲ್ಲಿ ಹೇಳಿಬಿಡುತ್ತೇನೆ. ಬೇಕರಿಯ ವ್ಯಾನು ಓಡಿಸುವುದು ನನ್ನ ಕೆಲಸ. ಬೆಳಗಾಗುವಷ್ಟರಲ್ಲಿ ಅರ್ಧ ಊರಿಗೆ ಬ್ರೆಡ್ಡು ಹಂಚಿರುತ್ತೇನೆ. ಆದರೆ ಇವರ ಲೆಕ್ಕದಲ್ಲಿ ಅದು ಗಾಡಿಯಲ್ಲ, ಬ್ರೆಡ್ಡಿನ ಡಬ್ಬ. ಹಾಗಾಗಿ ಹೈವೇ ಉದ್ದಕ್ಕೂ ನಾನು "ಎಡಕ್ಕೆ ಸೈಕಲ್ಲು, ಬಲಕ್ಕೆ ಲಾರಿ, ಎಡಕ್ಕೆ ಹಸು" ಎಂದು ಒದರುತ್ತ ಕೂತಿದ್ದೆ. ಬೆಟ್ಟ ಬಂತು ಹೋಯಿತು, ಕೆರೆ ಬಂತು ಹೋಯಿತು, ನಾನು ಕಂಡದ್ದು ಸೈಕಲ್ಲು ಮಾತ್ರ. ಹಿಂದೆ ಕೂತ ಅತ್ತೆಗೆ ಕಣ್ಣಿನ ವಿಷಯ ಹೇಳಿರಲಿಲ್ಲ. ನಮ್ಮ ಮಗಳು, ಇನ್ನೂ ಹಲ್ಲು ಬೀಳುವ ವಯಸ್ಸಿನವಳು, ಅಮ್ಮ ಯಾಕೆ ಹೀಗೆ ಕೂಗುತ್ತಾಳೆಂದು ಕೇಳಿದರೆ ಅತ್ತೆ, "ಸುಮ್ನಿರು, ಅವಳಿಗೆ ಬಾಯಿ ಸುಮ್ನಿದ್ರೆ ನಿದ್ದೆ ಬರುತ್ತೆ" ಎನ್ನುತ್ತಿದ್ದರು.

ಆ ಹಳೆಯ ಊರಿಗೆ ನಾವು ತಲುಪಿದ್ದು ಮಂಜು ಕವಿದ ಬೆಳಗಿನಲ್ಲಿ. ಕೋಟೆ ಗೋಡೆಯ ಬುಡ ಮಾತ್ರ ಕಾಣುತ್ತಿತ್ತು, ಮೇಲಿನದೆಲ್ಲ ಬಿಳುಪಿನಲ್ಲಿ ಕರಗಿಹೋಗಿತ್ತು. ಎಲ್ಲೋ ಗಡಿಯಾರದ ಗೋಪುರ ಗಂಟೆ ಹೊಡೆಯಿತು, ಗೋಪುರ ಎಲ್ಲಿದೆಯೆಂದು ತಿಳಿಯಲಿಲ್ಲ. ಬೀದಿದೀಪಗಳು ಇನ್ನೂ ಉರಿಯುತ್ತಿದ್ದವು. ಊರಿನ ಹೊರಗೆ ಗಾಡಿ ನಿಲ್ಲಿಸಿ ಒಳಗೆ ನಡೆದು ಸುತ್ತುವುದು ಎಂದು ಹಿಂದಿನ ದಿನವೇ ಮಾತಾಗಿತ್ತು. ಅತ್ತೆ ಚಹಾಕ್ಕೆ ನೀರಿಟ್ಟಿದ್ದರು.

ಅಷ್ಟರಲ್ಲಿ ಮಂಜಿನೊಳಗಿಂದ ಒಂದು ಬಸ್ ಸ್ಟಾಪು ಬಂತು.

ಇವರ ಕಾಲು ಬ್ರೇಕಿಗೆ ಹೋಯಿತು. ಗಾಡಿ ಬದಿಗೆ ಸರಿದು ಮೆತ್ತಗೆ ನಿಂತಿತು. ಕೈ ತಾನಾಗಿ ಹೋಗಿ ಬಾಗಿಲಿನ ಹಿಡಿ ಎಳೆಯಿತು. ಬಟ್ಟೆಗಂಟು ಹಿಡಿದ ಒಬ್ಬ ಮುದುಕಿ ಏದುಸಿರು ಬಿಡುತ್ತ ಹತ್ತಿದರು. ಆ ಊರಿನ ಬಸ್ಸುಗಳೂ ಹಳದಿಯೇ ಎಂದು ನಮಗೆ ಆಮೇಲೆ ಗೊತ್ತಾಯಿತು.

"ಈ ಬಸ್ಸು ಹಳೇ ಪೇಟೆಗೆ ಹೋಗುತ್ತಾ ಅಪ್ಪಾ?"

"ಹೋಗುತ್ತೆ, ಬನ್ನಿ. ಒಳಗೆ ಹೋಗಿ, ಒಳಗೆ ಹೋಗಿ" ಎಂದರು ಇವರು.

ಅವರ ಹಿಂದೆಯೇ ಖಾಕಿ ಕೋಟಿನ ಒಬ್ಬ ಹತ್ತಿದ. ಅರಮನೆಯ ರಾತ್ರಿ ಕಾವಲುಗಾರ, ಕೋಟೆಯಾಚೆಯ ಹಿಂಬಾಗಿಲಲ್ಲಿ ಡ್ಯೂಟಿ ಮುಗಿಸಿ ಮನೆಗೆ ಹೊರಟಿದ್ದ. ಅರ್ಧ ಮುಚ್ಚಿದ ಕಣ್ಣಲ್ಲೇ ಸೀಟುಗಳನ್ನು ದಾಟಿ ಹೋಗಿ, ಮಂಚ ಕಂಡು, ಯಾವ ಆಶ್ಚರ್ಯವನ್ನೂ ತೋರಿಸದೆ ಮಲಗಿಬಿಟ್ಟ. ಬಾಗಿಲು ಮುಚ್ಚಿತು. ಗಾಡಿ ಹೊರಟಿತು.

ನಾನು ಅವರತ್ತ ತಿರುಗಿದೆ. "ರೀ! ಏನ್ಮಾಡ್ತಿದ್ದೀರಿ?"

ಇವರು ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ತಲೆಯ ಮೇಲಿನ ಕನ್ನಡಿಯನ್ನು ನೋಡಿದರು. ಮುಖ ಪೆಚ್ಚಾಯಿತು. "ಹತ್ತಿಬಿಟ್ರಲ್ಲೇ, ಈಗ ಹೇಗೆ ಇಳಿಸೋದು?" ಎಂದು ಪಿಸುಗುಟ್ಟಿದರು. ಹಿಂದೆ ಮುದುಕಿ ಬೆರಗಾಗಿದ್ದರು. "ಇದೇನಮ್ಮಾ, ಬಸ್ಸಲ್ಲಿ ಒಲೆ!"

"ಹೊಸ ಸೌಲಭ್ಯ" ಎಂದರು ಅತ್ತೆ, ಮುಖದಲ್ಲಿ ಒಂದು ಗೆರೆಯನ್ನೂ ಅಲ್ಲಾಡಿಸದೆ. "ಸಕ್ಕರೆ ಎಷ್ಟು ಹಾಕ್ಲಿ?"

ಹಾಗೆ ಶುರುವಾಯಿತು. ಹೈವೇ ಬಿಟ್ಟು ಕದಲುವುದಿಲ್ಲ ಎಂದು ಮಾತು ಕೊಟ್ಟಿದ್ದವರು ಕೋಟೆ ಬಾಗಿಲಿನ ಕಮಾನಿನೊಳಗೆ ಬಸ್ಸು ತೂರಿಸಿದರು. ಮುಂದಿನ ಸ್ಟಾಪಿನಲ್ಲಿ ಒಬ್ಬ ಹೂವಿನ ಬುಟ್ಟಿಯವಳು ಹತ್ತಿದಳು. ಅದರ ಮುಂದಿನದರಲ್ಲಿ ಪೆಟ್ಟಿಗೆ ಹಿಡಿದ ಕ್ಷೌರಿಕ. ಮಗಳು ಚಿತ್ರದ ಪುಸ್ತಕದ ಹಾಳೆ ಹರಿದು ಎಲ್ಲರಿಗೂ ಟಿಕೆಟ್ ಕೊಟ್ಟಳು, ಒಬ್ಬೊಬ್ಬರ ಟಿಕೆಟ್ಟಿನಲ್ಲಿ ಒಂದೊಂದು ಮೀನು ಬರೆದಿತ್ತು. ಯಾರೂ ಬೇಡ ಅನ್ನಲಿಲ್ಲ. ಕ್ಷೌರಿಕ ಅದನ್ನು ಜೋಪಾನವಾಗಿ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡ. ಮುದುಕಿ ದಾರಿ ಹೇಳುತ್ತಿದ್ದರು. ಮ್ಯೂಸಿಯಮ್ಮಿನಲ್ಲಿ ವಿಗ್ರಹಗಳ ಧೂಳು ಒರೆಸುವುದು ಅವರ ಕೆಲಸವಂತೆ. ಆ ಊರನ್ನು ಆಳಿದ ರಾಜರು ಯಾರು ಯಾರೆಂದು ಮಗಳು ಕೇಳಿದಳು. "ಹೆಸರು ಯಾರಿಗೆ ನೆನಪಿರುತ್ತೆ ಪುಟ್ಟಿ? ಒಬ್ಬನಿಗೆ ಮೂಗಿಲ್ಲ. ಇನ್ನೊಬ್ಬನ ಕಿವಿ ಸಂದೀಲಿ ಎಷ್ಟು ಒರೆಸಿದ್ರೂ ಜೇಡ ಬಂದು ಕೂರುತ್ತೆ" ಎಂದರು.

ಮಂಜು ನಿಧಾನವಾಗಿ ಮೇಲೇಳುತ್ತಿತ್ತು. ಅದರ ಕೆಳಗಿನಿಂದ ಊರು ಸ್ವಲ್ಪ ಸ್ವಲ್ಪವೇ ಹೊರಗೆ ಬಂತು. ಮೊದಲು ಮೆಟ್ಟಿಲುಗಳು, ಆಮೇಲೆ ಬಾಗಿಲುಗಳು, ಆಮೇಲೆ ಮರದ ಬಾಲ್ಕನಿಗಳು. ನಾನು ಎಡಬಲ ಹೇಳುತ್ತಲೇ ಇದ್ದೆ. "ಎಡಕ್ಕೆ ಕಂಬ. ಬಲಕ್ಕೆ ಕೈಗಾಡಿ." ಒಂದು ಸೇತುವೆ ದಾಟಿದೆವು. ಕೆಳಗೆ ಹೊಳೆ ಹರಿಯುವ ಸದ್ದಿತ್ತು, ಹೊಳೆ ಕಾಣಲಿಲ್ಲ. ಒಂದು ಮಹಡಿಯಿಂದ ಯಾರೋ ಹೆಂಗಸು ದೊಡ್ಡ ಬಿಳಿ ದುಪ್ಪಟಿಯನ್ನು ಒದರಿದಳು. ಅದು ಗಾಳಿ ತುಂಬಿಕೊಂಡು ನಮ್ಮ ಮೇಲೆ ಹಾದು, ಕ್ಷಣಕಾಲ ಇಡೀ ಬಸ್ಸಿನೊಳಗೆ ಹಾಲಿನಂಥ ಬೆಳಕಾಯಿತು. ಹೂವಿನ ವಾಸನೆ, ಚಹಾದ ಹಬೆ, ಹಿಂದಿನಿಂದ ಕಾವಲುಗಾರನ ಗೊರಕೆ. ನನಗೆ ಯಾವುದೋ ಕನಸಿನೊಳಗೆ ಟಿಕೆಟ್ ತೆಗೆದುಕೊಂಡು ಹತ್ತಿದ ಹಾಗಾಯಿತು. ಇಷ್ಟು ದಿನಗಳಲ್ಲಿ ಮೊದಲ ಸಲ ನಾನು ತಲೆಯೆತ್ತಿ ನೋಡಿದೆ. ಗಡಿಯಾರದ ಗೋಪುರ ಮಂಜಿನ ಮೇಲೆ ತೇಲುತ್ತಿತ್ತು, ಅದರ ಚಿನ್ನದ ಮುಳ್ಳಿನ ಮೇಲೆ ಒಂದು ಪಾರಿವಾಳ ಕೂತಿತ್ತು. ಎಷ್ಟು ಚೆನ್ನಾಗಿತ್ತೆಂದರೆ ನನ್ನ ಬಾಯಿ ಕಟ್ಟಿತು.

ಬಾಯಿ ಕಟ್ಟಿದ್ದೇ ತಪ್ಪಾಯಿತು.

ಎಡಗಡೆಯ ಗಲ್ಲಿಯಿಂದ ಒಬ್ಬ ಬೀರು ಮಾಡುವವನು ಬೀರುವಿನ ಕನ್ನಡಿ ಬಾಗಿಲನ್ನು ಬೆನ್ನ ಮೇಲೆ ಹೊತ್ತು ಬರುತ್ತಿದ್ದ. ನಾನು ನೋಡಲಿಲ್ಲ. ಇವರಿಗೆ ಕಾಣುವಂತಿರಲಿಲ್ಲ. "ಅಪ್ಪಾ!" ಎಂದು ಮಗಳು ಚೀರಿದಳು. ಬ್ರೇಕು ಬಿತ್ತು. ಚಹಾದ ಪಾತ್ರೆ ಉರುಳಿತು, ಹೂವೆಲ್ಲ ಚೆಲ್ಲಿ ಮುಂದಕ್ಕೆ ಬಂತು.

ಬಸ್ಸು ನಿಂತಿತು. ಅವನಿಗೂ ನಮಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಬೆದರಿ ಅವನು ನಮಗೆ ಬೆನ್ನು ತಿರುಗಿಸಿದ್ದರಿಂದ, ಹೊತ್ತ ಕನ್ನಡಿ ಸರಿಯಾಗಿ ನಮ್ಮ ಮುಂದಿನ ಗಾಜಿಗೆ ಎದುರಾಗಿ ನಿಂತಿತ್ತು. ಅದರಲ್ಲಿ ನಮ್ಮ ಬಸ್ಸೇ ಕಂಡಿತು. ಸ್ಟೇರಿಂಗ್ ಹಿಡಿದ ಇವರು, ಎದೆ ಹಿಡಿದುಕೊಂಡ ನಾನು, ಹಿಂದೆ ಸೀಟಿನ ಕಂಬಿ ಹಿಡಿದ ಮುದುಕಿ, ಹೂವಿನವಳು, ಕ್ಷೌರಿಕ, ಅತ್ತೆ, ಕೈಯಲ್ಲಿ ಮೀನಿನ ಟಿಕೆಟ್ಟುಗಳನ್ನು ಹಿಡಿದ ಮಗಳು.

"ಕಣ್ಣಿಲ್ವೇನ್ರೀ?" ಎಂದು ಕನ್ನಡಿಯ ಹಿಂದಿನಿಂದ ಅವನು ಕಿರುಚಿದ.

ಎಲ್ಲ ಡ್ರೈವರುಗಳೂ ದಿನಕ್ಕೆ ನಾಲ್ಕು ಸಲ ಕೇಳಿಸಿಕೊಳ್ಳುವ ಬೈಗುಳ ಅದು. ಇವರೂ ಕೇಳಿದ್ದಾರೆ, ಬಡ್ಡಿ ಸಮೇತ ವಾಪಸ್ಸು ಕೊಟ್ಟಿದ್ದಾರೆ. ಅವತ್ತು ಮಾತ್ರ ಕನ್ನಡಿಯನ್ನೇ ನೋಡುತ್ತ ಕೂತರು. ಅವನು ಗೊಣಗುತ್ತ ದಾಟಿಹೋದ ಮೇಲೂ, ಕನ್ನಡಿ ಇದ್ದ ಜಾಗವನ್ನೇ ನೋಡುತ್ತಿದ್ದರು. ಆಮೇಲೆ ಇಂಜಿನ್ ಆರಿಸಿ ಕೀಲಿ ತೆಗೆದು ನನ್ನ ಮಡಿಲಲ್ಲಿಟ್ಟರು.

"ನೀನು ಓಡಿಸು."

"ಏನು?"

"ಪ್ಯಾಸೆಂಜರ್ ಕೂತಿದ್ದಾರೆ ಕಣೇ. ಪ್ಯಾಸೆಂಜರ್ ಇಟ್ಕೊಂಡು ನಾನು ಓಡಿಸಬಾರದು."

ನನಗೆ ಅಳು ಬರಬೇಕಿತ್ತು, ಬಂದದ್ದು ಸಿಟ್ಟು. ನೆತ್ತಿಗೇರಿತು. "ಹಾಗಾದ್ರೆ ಇಷ್ಟು ದಿನ ನಾವ್ಯಾರು? ಲಗೇಜಾ? ನಿಮ್ಮ ತಾಯಿ, ನಿಮ್ಮ ಮಗಳು, ನಾನು? ನಮಗೆ ಮೂಳೆ ಇಲ್ವಾ, ಮುರಿಯಲ್ವಾ?"

ಬಸ್ಸಿನಲ್ಲಿ ಎಲ್ಲರೂ ಕಿವಿಯಾಗಿದ್ದರು. ಇವರು ತಲೆ ತಗ್ಗಿಸಿದರು. "ನೀವು ಮನೆಯವರು" ಎಂದರು, ಬಹಳ ಮೆಲ್ಲಗೆ. "ನೀವಿದ್ರೆ ನಾನು ಇನ್ನೂ ಡ್ರೈವರ್ರೇ ಅನ್ನಿಸ್ತಿತ್ತು. ನೀನು ಪಕ್ಕದಲ್ಲಿ ಹೇಳ್ತಾ ಇದ್ರೆ ಎಲ್ಲಾ ಕಾಣುತ್ತೆ ಅಂದ್ಕೊಂಡುಬಿಟ್ಟಿದ್ದೆ. ತಪ್ಪಾಯ್ತು." ಆ ಕೊನೆಯ ಮಾತನ್ನು ಮದುವೆಯಾದ ಮೇಲೆ ನಾನು ಮೊದಲ ಸಲ ಕೇಳಿದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ.

ಹಿಂದಿನಿಂದ ಅತ್ತೆ ಬಂದು, ಚೆಲ್ಲಿದ ಚಹಾ ಒರೆಸುತ್ತಿದ್ದ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಮಗನ ತಲೆಯ ಮೇಲೆ ಕೈಯಿಟ್ಟರು. "ಏಳು ಮಗಾ. ಊಟಕ್ಕೆ ಕೂತಾಗ ಪಕ್ಕದಲ್ಲಿಟ್ಟ ಲೋಟ ಹುಡುಕ್ತೀಯಲ್ಲ, ಅವತ್ತೇ ಗೊತ್ತಾಯ್ತು ನನಗೆ. ನೀನೇ ಹೇಳ್ಲಿ ಅಂತ ಕಾಯ್ತಿದ್ದೆ."

ಇವರು ಎದ್ದರು. ನಾನು ಕೂತೆ. ಸೀಟು ಇವರ ಉದ್ದ ಕಾಲಿಗೆ ಹೊಂದಿಸಿದ್ದು, ನನ್ನ ಪಾದ ಕ್ಲಚ್ಚಿಗೆ ಮುಟ್ಟಲಿಲ್ಲ. ಸೀಟು ಮುಂದಕ್ಕೆಳೆದುಕೊಂಡೆ. ಸ್ಟೇರಿಂಗ್ ಇವರ ಅಂಗೈಯಿಂದ ಇನ್ನೂ ಬೆಚ್ಚಗಿತ್ತು. ಅದನ್ನು ಹಿಡಿಯಲು ನನಗೆ ಖುಷಿಯಾಗಲಿಲ್ಲ ಎಂದರೆ ಸುಳ್ಳು, ಸಂಕಟವಾಗಲಿಲ್ಲ ಎಂದರೂ ಸುಳ್ಳು. ಇವರು ಬಸ್ಸಿನ ನಡುವೆ ಕೈಕಾಲು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. ಇಪ್ಪತ್ತು ವರ್ಷ ಬಸ್ಸಿನಲ್ಲೇ ಬದುಕಿದ ಮನುಷ್ಯನಿಗೆ ಬಸ್ಸಿನಲ್ಲಿ ಎಲ್ಲಿ ಕೂರುವುದೆಂದು ಗೊತ್ತಿರಲಿಲ್ಲ.

ಮುದುಕಿ ತಮ್ಮ ಗಂಟನ್ನು ಎತ್ತಿಕೊಂಡು ಆಚೆಗೆ ಸರಿದರು. "ಇಲ್ಲಿ ಬಾಪ್ಪಾ, ಕಿಟಕಿ ಪಕ್ಕ. ನಾನಂತೂ ದಿನಾ ನೋಡೋಳು."

ಗಾಡಿ ಹೊರಟಿತು. ಮೊದಲ ತಿರುವಿನಲ್ಲಿ ಗೇರು ಕರಕರ ಎಂದಿತು. ಇವರ ಬಲಗಾಲು ಹಿಂದೆ ನೆಲ ಒತ್ತುತ್ತಿರುವುದು ನೋಡದೆಯೇ ಗೊತ್ತಾಯಿತು. ಎರಡನೆಯ ತಿರುವಿನ ಹೊತ್ತಿಗೆ ಅವರ ಕಾಲೂ ಸುಮ್ಮನಾಯಿತು, ಗೇರೂ. ಬ್ರೆಡ್ಡಿನ ಡಬ್ಬಕ್ಕೂ ಇದಕ್ಕೂ ಅಂಥ ವ್ಯತ್ಯಾಸವೇನಿಲ್ಲ, ಇಲ್ಲಿ ಒಳಗಿರುವವರು ಮಾತಾಡುತ್ತಾರೆ ಅಷ್ಟೆ.

ಬಿಸಿಲು ಬಂತು. ಅರಮನೆಯ ಎದುರಿನ ಅಗಲವಾದ ಬೀದಿಯಲ್ಲಿ ಬಸ್ಸು ನಿಧಾನವಾಗಿ ಸಾಗುವಾಗ ಕಾವಲುಗಾರ ಎಚ್ಚರಗೊಂಡು, ಕಣ್ಣುಜ್ಜಿ, ಕಿಟಕಿಗೆ ಮೂಗು ಒತ್ತಿದ. "ಇದ್ಯಾವುದು ಅರಮನೆ?" ಎಂದ. ನಿನ್ನದೇ ಎಂದು ಮುದುಕಿ ಹೇಳಿದ ಮೇಲೆ ಬಹಳ ಹೊತ್ತು ನೋಡಿದ. "ಗುಲಾಬಿ ಬಣ್ಣನಾ!" ಎಂದ. "ಕತ್ತಲಲ್ಲಿ ಕಪ್ಪಗಿರುತ್ತೆ." ಮತ್ತೆ ಮಲಗಿದ. ಅವನ ಮನೆಯ ಸ್ಟಾಪು ಯಾವಾಗಲೋ ದಾಟಿಹೋಗಿತ್ತು, ಯಾರೂ ಎಬ್ಬಿಸಲಿಲ್ಲ.

ಆಮೇಲೆ ಹಿಂದಿನಿಂದ ಇವರ ದನಿ ಬಂತು.

"ಎಡಕ್ಕೆ ಬಾಲ್ಕನಿ."

ನನ್ನ ಕಾಲು ಬ್ರೇಕಿಗೆ ಹೋಯಿತು. "ಎಲ್ರೀ? ಗಾಡಿಗೆ ತಾಗುತ್ತಾ?"

"ಇಲ್ಲ, ಮೇಲಿದೆ. ಅದರಲ್ಲಿ ಒಂದು ಬೆಕ್ಕು ಮಲಗಿದೆ." ಮತ್ತೆ, "ಬಲಕ್ಕೆ ನೀಲಿ ಬಾಗಿಲು" ಎಂದರು.

ಕನ್ನಡಿಯಲ್ಲಿ ನೋಡಿದೆ. ಪಕ್ಕದ್ದು ಕಾಣದ ಕಣ್ಣಿಗೆ ಕಾಣಿಸಲೆಂದು ಇವರು ಇಡೀ ಕತ್ತನ್ನೇ ತಿರುಗಿಸಿ, ಗಾಜಿಗೆ ಹಣೆ ಹಚ್ಚಿ ಕೂತಿದ್ದರು. ಮಗಳು ತೊಡೆಯ ಮೇಲಿದ್ದಳು.

"ಅದ್ಯಾಕೆ ನನಗೆ ಹೇಳ್ತಿದ್ದೀರಿ? ದಾರಿಗೆ ಅಡ್ಡ ಬರುತ್ತಾ?"

"ಅಡ್ಡ ಏನೂ ಇಲ್ಲ" ಎಂದರು. "ಚೆನ್ನಾಗಿದೆ, ಅದಕ್ಕೆ. ನೀನು ರಸ್ತೆ ನೋಡ್ಬೇಕಲ್ಲ. ನಾನು ಹೇಳ್ತೀನಿ."

ಮುಂದೆ ಒಂದು ಬಸ್ ಸ್ಟಾಪು ಕಂಡಿತು. ಅಲ್ಲಿ ಯಾರೂ ಇರಲಿಲ್ಲ. ನನಗೆ ಕಣ್ಣು ತುಂಬಿ ರಸ್ತೆ ಮಸುಕಾಗಿತ್ತು, ಅದಕ್ಕೇ ಬದಿಗೆ ತೆಗೆದು ನಿಲ್ಲಿಸಿದೆ. ಸೆರಗಿನಿಂದ ಮುಖ ಒರೆಸಿಕೊಂಡೆ. ನಾನು ಮತ್ತೆ ಗೇರು ಹಾಕಿದ್ದು ಕೇಳಿ ಇವರು ಕಿಟಕಿಯ ಗಾಜು ಸರಿಸಿ, ಆಚೆ ಕೈ ಚಾಚಿ ಬಸ್ಸಿನ ಮೈಗೆ ಎರಡು ಸಲ ತಟ್ಟಿದರು.

"ರೈಟ್, ರೈಟ್."