ಭುಜ ಹೇಗಿದೆ ಎಂದು ಕೇಳಿದರೆ

ಆರ್ವಿಲ್ ಟೆಸ್ಮರ್ ಏಣಿಯ ಮೇಲೆ ನಿಂತು ಕ್ಷೌರದಂಗಡಿಯ ಚಾವಣಿಗೆ ಎಡಗೈಯಲ್ಲಿ ಬಣ್ಣ ಬಳಿಯುತ್ತಿದ್ದ. ಹುಟ್ಟಾ ಬಲಗೈಯವನು. ಕುಂಚ ಗೆರೆ ತಪ್ಪಿದಾಗಲೆಲ್ಲ ಹಲ್ಲು ಕಚ್ಚಿ ಒರೆಸುತ್ತಿದ್ದ, ಮತ್ತೆ ಬಳಿಯುತ್ತಿದ್ದ. ಬಲಗೈ ಭುಜಕ್ಕಿಂತ ಮೇಲೇಳುವುದನ್ನು ಬಿಟ್ಟು ವರ್ಷಗಳಾಗಿದ್ದವು.

"ಏ ಚಾಂಪಿಯನ್, ನನ್ನ ತಲೆ ಮೇಲೆ ಸುರಿಸ್ಬೇಡಪ್ಪ," ಎಂದ ಕ್ಷೌರಿಕ ಪ್ರೂಯಿಟ್. "ಆವತ್ತು ಆ ಚೆಂಡನ್ನ ಅಷ್ಟು ಮೆತ್ತಗೆ ಯಾಕೆ ಎಸೆದೆ? ಇವತ್ತಾದ್ರೂ ಹೇಳು."

ಒಹಾಯೋದ ಆ ಪುಟ್ಟ ಊರಿನಲ್ಲಿ ಅವನಿಗೆ ಈ ಪ್ರಶ್ನೆ ಹಾಕದವರೇ ಇರಲಿಲ್ಲ. ಅಲ್ಲಿಂದ ದೊಡ್ಡ ಲೀಗಿಗೆ ಹೋದ ಬೇಸ್‌ಬಾಲ್ ಪಿಚರ್, ಎಂದರೆ ಚೆಂಡೆಸೆಯುವವನು, ಅವನೊಬ್ಬನೇ. ಅಲ್ಲಿ ಅವನು ಉಳಿದದ್ದು ಒಂದು ಪೂರಾ ಬೇಸಿಗೆಯೂ ಅಲ್ಲ. ಕೊನೆಯ ಆಟದಲ್ಲಿ ಭುಜದೊಳಗೆ ಕೆಂಡ ಇಟ್ಟಂತಾಗಿತ್ತು. ಮ್ಯಾನೇಜರ್ ಮೈದಾನದ ನಡುವೆ ನಡೆದು ಬಂದು, "ಭುಜ ಹೇಗಿದೆ?" ಎಂದಿದ್ದ. ಪಿಚರ್‌ಗಳಲ್ಲಿ ಆ ಪ್ರಶ್ನೆಗೆ ಇರುವುದು ಒಂದೇ ಉತ್ತರ. ನೋವೆಂದವನ ಜಾಗಕ್ಕೆ ಸಂಜೆಯೊಳಗೆ ಇನ್ನೊಬ್ಬ ಬಂದು ನಿಲ್ಲುತ್ತಾನೆ. "ಚೆನ್ನಾಗಿದೆ," ಎಂದಿದ್ದ ಆರ್ವಿಲ್. ಮುಂದಿನ ಚೆಂಡು ಮೆತ್ತಗೆ ಹೋಯಿತು; ಬ್ಯಾಟುಗಾರ ಅದನ್ನು ಬೇಲಿಯಾಚೆ ಹೊಡೆದ. ಭುಜದ ಕತೆಯೂ ಅಲ್ಲಿಗೇ ಮುಗಿಯಿತು.

ಆಗ ಅವನ ಚೆಂಡು ಹಿಡಿಯುತ್ತಿದ್ದ ಕ್ಲೆಮ್ ಹ್ಯಾಸ್ಕೆಟ್ ಈಗ ಇಂಡಿಯಾನಾದಲ್ಲಿ ಸಣ್ಣ ಲೀಗಿನ ತಂಡವೊಂದರ ಮ್ಯಾನೇಜರ್. ಪಿಚರ್‌ಗಳಿಗೆ ಕಲಿಸಲು ಬಾ ಎಂದು ಕ್ರಿಸ್‌ಮಸ್‌ಗೆ ಬರೆದಿದ್ದ. ಫೆಬ್ರುವರಿ ಮುಗಿಯುತ್ತ ಬಂದರೂ ಆರ್ವಿಲ್ ಉತ್ತರಿಸಿರಲಿಲ್ಲ. ಆಟಕ್ಕೆ ಮರಳಲು ಇನ್ನೊಂದು ಬಾಗಿಲು ತೆರೆಯದೆಂದು ಅವನಿಗೂ ಗೊತ್ತಿತ್ತು. ಆದರೆ ಕಲಿಸುವವನು ದಿನಾ ಬೆಳಿಗ್ಗೆ ಬ್ಯಾಟುಗಾರರ ಅಭ್ಯಾಸಕ್ಕೆ ಚೆಂಡೆಸೆಯಬೇಕು. ಕೈ ಇಷ್ಟು ಕೆಟ್ಟಿದೆಯೆಂದು ಕ್ಲೆಮ್‌ಗೆ ತಿಳಿದಿರಲಿಲ್ಲ.

"ಬರ್ತೀನಿ ಅಂದ್ರೆ ಸುಳ್ಳು. ಕೈ ಹೋಗಿದೆ ಅಂದ್ರೆ ಕೆಲಸ ಹೋಯ್ತು," ಎಂದು ಬೆಳಿಗ್ಗೆಯಷ್ಟೇ ಹೆಂಡತಿಯ ಮೇಲೆ ರೇಗಿದ್ದ.

"ಕ್ಲೆಮ್ ಮತ್ತೆ ಬರೆದಿದಾನೆ, ಶನಿವಾರ ಬೇರೆಯವನನ್ನ ತಗೋತಾನಂತೆ," ಎಂದಿದ್ದಳು ನೇಡೀನ್. "ಆಮೇಲೆ ಚಾವಣಿ ಜೊತೆ ಜಗಳ ಆಡ್ಕೊಂಡಿರು."

ಅಷ್ಟರಲ್ಲಿ ಗಿರಣಿ ತಂಡದ ಪಿಚರ್ ವೆಂಡೆಲ್ ಕ್ರೌಸ್ ಒಳಗೆ ಬಂದ. ಮುಂದಿನ ವಾರ ದೊಡ್ಡ ತಂಡವೊಂದರ ಆಯ್ಕೆ ಪರೀಕ್ಷೆಗೆ ಹೊರಟವನು.

"ಭುಜ ಹೇಗಿದೆ ಮರಿ?" ಎಂದ ಪ್ರೂಯಿಟ್.

"ಕುದುರೆ ಇದ್ದಂಗಿದೆ!"

ಆರ್ವಿಲ್ ಏಣಿಯ ಮೇಲಿಂದ ನೋಡುತ್ತಲೇ ಇದ್ದ. ವೆಂಡೆಲ್ ಕೋಟಿನಿಂದ ಮೊದಲು ಎಡಗೈ ಬಿಡಿಸಿಕೊಂಡ; ಬಲತೋಳು ತಾನಾಗಿ ಜಾರಲು ಬಿಟ್ಟ. ಟೋಪಿಯನ್ನೂ ಎಡಗೈಯಲ್ಲೇ ನೇತುಹಾಕಿದ.

"ವೆಂಡೆಲ್, ನಿಂಗೆ ನೋವಿದೆ," ಎಂದ ಆರ್ವಿಲ್. " ಸ್ವಲ್ಪ ದಿನ ಚೆಂಡು ಮುಟ್ಬೇಡ."

"ಮಾತಾಡ್ತಿರೋದು ಯಾರು ನೋಡ್ರಪ್ಪ! ಇಳಿದು ಬಾ ತಾತ, ಒಂದು ಚೆಂಡು ಎಸೆದು ತೋರ್ಸು!"

ಅಂಗಡಿಗೆ ಅಂಗಡಿಯೇ ನಕ್ಕಿತು. ನಗುನಗುತ್ತಲೇ ಪ್ರೂಯಿಟ್ ಒಂದು ಟವೆಲ್ ಎಸೆದ. ಹಿಡಿಯಲು ಹೋದ ವೆಂಡೆಲ್‌ನ ಬಲಗೈ ಎದೆಯ ಮಟ್ಟದಲ್ಲೇ ನಿಂತಿತು, ಮುಖ ಬಿಳಿಚಿತು. ಟವೆಲ್ ನೆಲಕ್ಕೆ ಬಿತ್ತು.

"ಸೋಪಿನ ಕೈಲಿ ಎಸೆದ್ರೆ ಜಾರದೆ ಇನ್ನೇನಾಗುತ್ತೆ?" ಎಂದ ವೆಂಡೆಲ್. ಎಲ್ಲರೂ ಅದನ್ನೇ ನಂಬಿದರು.

ಆರ್ವಿಲ್‌ಗೆ ಮೈ ಉರಿಯಿತು. ಅರ್ಧ ಬಳಿದ ಚಾವಣಿಯನ್ನು ಹಾಗೇ ಬಿಟ್ಟು ಇಳಿದ.

"ಎಲ್ಲಿಗಯ್ಯಾ? ಬಣ್ಣ ಒಣಗುತ್ತೆ!"

"ಒಣಗ್ಲಿ."

ಅಂಚೆ ಕಚೇರಿಯ ಮೇಜಿನ ಬಳಿ ನಿಂತೇ ಬರೆದ: "ಕ್ಲೆಮ್, ನನ್ನ ಬಲಗೈ ಮೇಲೇಳುವುದಿಲ್ಲ. ಚೆಂಡೆಸೆಯಲು ಬೇರೆಯವನನ್ನು ನೋಡಿಕೋ. ನೋವು ಮುಚ್ಚಿಡುವವನನ್ನು ಅವನು ಕೋಟು ಕಳಚುವಾಗಲೇ ಗುರುತಿಸಬಲ್ಲೆ, ಅವನು ಎಷ್ಟೇ ಬೈದರೂ ಆಟದಿಂದ ಹೊರಗೆ ಕೂರಿಸಬಲ್ಲೆ. ಅಷ್ಟು ಸಾಕೆಂದರೆ ಬರುತ್ತೇನೆ."

ಅಂಚೆಯ ಹೆಂಗಸು ಲಕೋಟೆಯ ಮೇಲಿನ ಬಿಳಿ ಬಣ್ಣದ ಬೆರಳಚ್ಚು ನೋಡಿ ಮೂಗು ಮುರಿದಳು. "ಬೇರೆ ಲಕೋಟೆ ಕೊಡ್ಲಾ?"

"ಬೇಡಮ್ಮ. ಮುದ್ರೆ ಒತ್ತು."