ಎಡಕ್ಕೆ ತಿರುಗುವ ಅಂಚು

"ಫೂಸಿ, ನಿಂದು ಮೊದಲ್ನೇ ಸಾಲು," ಎಂದು ತೆಲೇಸಿಯಾ ಒಂದನೇ ನಮೂನೆಯ ಹಾಳೆಯನ್ನು ಅವಳ ಮಡಿಲಿಗೆ ಹಾಕಿ ಮುಂದಕ್ಕೆ ಹೋದಳು.

ಮೊದಲ ಸಾಲೆಂದರೆ ಹುಡುಗಿಯರ ಸಾಲು. ನಲವತ್ತಾರರ ಫೂಸಿ ಅವರ ನಡುವೆ ಜಾಗ ಮಾಡಿಕೊಂಡು ಕೂತಳು. ಇಗರ್ಜಿಯ ಹಿಂದಿನ ಸಭಾಂಗಣದಲ್ಲಿ ಬುಟ್ಟಿ ಹೆಣೆಯುವ ಹೆಂಗಸರನ್ನು ಈ ವರ್ಷ ಕೈಚಳಕ ನೋಡಿ ಮೂರು ಸಾಲು ಮಾಡಿದ್ದರು, ಸಾಲಿಗೊಂದು ನಮೂನೆ. ಮೂರನೇ ಸಾಲಿನವರ ಬುಟ್ಟಿಗಳು ಹೆಣೆದವರ ಹೆಸರಿನ ಚೀಟಿಯೊಂದಿಗೆ ಆಕ್ಲೆಂಡಿನ ಮೇಳಕ್ಕೆ ಹೋಗುತ್ತವೆ. ಆ ಚೀಟಿಯ ಆಸೆಗೇ ಫೂಸಿ ಬಂದದ್ದು. ಆದರೆ ಕಲಿಸುವ ತೆಲೇಸಿಯಾ, ನೀವು ಹೆಣೆದ ಒಂದು ಬುಟ್ಟಿ ಮನೆಯಿಂದ ತನ್ನಿ, ನೋಡಿ ಸಾಲು ಹೇಳುತ್ತೇನೆ ಅಂದಿದ್ದಳು. ಫೂಸಿಯ ಮನೆಯಲ್ಲಿ ಒಂದೂ ಇರಲಿಲ್ಲ.

ಎಲ್ಲಿಂದ ಇರಬೇಕು? ಸೋದರತ್ತೆ ಲೋಸೆಲಿ ತಿಂಗಳಿಗೊಮ್ಮೆ ಬಂದು, ಫೂಸಿ ಹೆಣೆದು ಮುಗಿಸಿದ ಬುಟ್ಟಿಯನ್ನು ತಿರುಗಿಸಿ ನೋಡಿ, ಕಂಕುಳಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದಳು. ನಮ್ಮ ಟೋಂಗಾದಲ್ಲಿ ಸೋದರತ್ತೆ ಅಣ್ಣನ ಮಕ್ಕಳ ಮನೆಯಿಂದ ಹಂದಿ ಬೇಕೆಂದರೆ ಹಂದಿ, ಚಾಪೆ ಬೇಕೆಂದರೆ ಚಾಪೆ ಒಯ್ಯಬಹುದು. ಇಲ್ಲ ಅನ್ನುವ ಬಾಯಿ ಯಾರಿಗೂ ಇಲ್ಲ. ಒಯ್ಯಲಿ, ಅದು ಅವಳ ಹಕ್ಕು. ಆದರೆ ಮದುವೆಮನೆಗೆ, ಪಾದ್ರಿಯ ಹೆಂಡತಿಗೆ ಕೊಡುವಾಗ ನಾನೇ ಹೆಣೆದದ್ದು ಅನ್ನುತ್ತಿದ್ದಳಲ್ಲ, ಆ ಹಕ್ಕನ್ನು ಯಾವ ಪುಣ್ಯಾತ್ಮ ಕೊಟ್ಟನೋ.

ಈಗ ಮೂರನೇ ನಮೂನೆಯೆಂದು ಗೋಡೆಗೆ ತೂಗುಹಾಕಿದ್ದೂ ಅಂಥದೇ ಒಂದು. ತೆಂಗಿನ ಕಡ್ಡಿಯ ಮೇಲೆ ಕಪ್ಪು ಬಣ್ಣದ ಕೇದಗೆ ಗರಿ, ಕೆಳಗೆ 'ಲೋಸೆಲಿ' ಎಂಬ ಚೀಟಿ. ಊರಿನ ಬುಟ್ಟಿಗಳ ಅಂಚೆಲ್ಲ ಬಲಕ್ಕೆ ತಿರುಗಿದರೆ ಇದರದು ಎಡಕ್ಕೆ. ಮೂರನೇ ಸಾಲಿನ ಗಟ್ಟಿಗಿತ್ತಿಯರು ಸಾಲು ಮಾಡಿದ ದಿನದಿಂದ ಎರಡು ವಾರ ಕತ್ತು ಸೊಟ್ಟ ಮಾಡಿಕೊಂಡು ಹೆಣೆಯುತ್ತ, ಬಿಚ್ಚುತ್ತ, ಇದೆಂಥ ವಿದ್ಯೆಯಪ್ಪ ಎಂದು ಲೋಸೆಲಿಯನ್ನು ಹೊಗಳುತ್ತಿದ್ದರು. ವಿದ್ಯೆಯೂ ಇಲ್ಲ, ಮಣ್ಣೂ ಇಲ್ಲ. ಫೂಸಿ ಎಡಚಿ, ಅಷ್ಟೇ. ಚಿಕ್ಕಂದಿನಲ್ಲಿ ಅತ್ತೆ ಆ ಎಡಗೈಗೆ ಕಡ್ಡಿಯಿಂದ ಬಾರಿಸಿ ಬಾರಿಸಿ, ನಾಲ್ಕು ಜನರೆದುರು ಅದು ಮೇಲೇಳದ ಹಾಗೆ ಮಾಡಿದ್ದಳು. ಮನೆಯಲ್ಲಿ ಬಾಗಿಲು ಹಾಕಿಕೊಂಡ ಮೇಲಷ್ಟೇ ಅದರ ಕೆಲಸ.

ಕೊನೆಗೊಂದು ಮಧ್ಯಾಹ್ನ ತೆಲೇಸಿಯಾಗೂ ಸಾಕಾಯಿತು. ಹಿರಿಯಳೆಂದು ಎದುರಿಗೆ ಹಾಕಿಸಿದ್ದ ಕುರ್ಚಿಯಲ್ಲಿ ಬೀಸಣಿಗೆ ಹಿಡಿದು ಕೂತಿದ್ದ ಲೋಸೆಲಿಯ ಮುಂದೆ ಅಂಚು ಬಾಕಿಯಿದ್ದ ಬುಟ್ಟಿಯಿಟ್ಟು, ನೀವೇ ಒಂದು ಸುತ್ತು ತೋರಿಸಿಬಿಡಿ ಎಂದಳು. ಲೋಸೆಲಿ ಕಣ್ಣು ಮಂಜು ಅಂದಳು. ಬೆರಳು ಹಿಡಿದುಕೊಂಡಿದೆ ಅಂದಳು. ಆಮೇಲೆ ಮೊದಲ ಸಾಲಿನತ್ತ ಬೀಸಣಿಗೆ ಚಾಚಿದಳು.

"ನಮ್ಮಣ್ಣನ ಮಗಳು ಇದಾಳಲ್ಲ, ನಾನೇ ಕಲ್ಸಿದೀನಿ. ಬಾರೇ ಫೂಸಿ, ತೋರ್ಸು."

ಫೂಸಿ ಹೋಗಿ ಅವಳ ಕಾಲ ಬಳಿ ಕೂತು ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡಳು. ಒಂದೇ ಒಂದು ಸುತ್ತು ಸಾಕು. ಮೂರನೇ ಸಾಲು, ಆಕ್ಲೆಂಡು, ಹೆಸರಿನ ಚೀಟಿ ಎಲ್ಲ ಅಲ್ಲೇ ಇತ್ತು. ಎಡಗೈ ಬೆರಳುಗಳು ಆಗಲೇ ಕಡ್ಡಿಯನ್ನು ಹುಡುಕುತ್ತಿದ್ದವು. ಅತ್ತೆ ಬಗ್ಗಿ ಕಿವಿಯ ಹತ್ತಿರ ಹೇಳಿದಳು:

"ಎಡಗೈಯಲ್ಲೇ ಮಾಡು. ಪರವಾಗಿಲ್ಲ."

ನಲವತ್ತು ವರ್ಷದ ಮೇಲೆ ಸಿಕ್ಕ ಅಪ್ಪಣೆ. ಫೂಸಿ ಎಡಗೈಯನ್ನು ಹಿಂದಕ್ಕೆಳೆದುಕೊಂಡಳು. ಗರಿಯನ್ನು ಬಲಗೈಗೆ ತೆಗೆದುಕೊಂಡು, ಒಂದನೇ ಹಾಳೆಯಲ್ಲಿದ್ದ ಹಾಗೆ ಅಂಚನ್ನು ಬಲಕ್ಕೆ, ಸೊಟ್ಟಸೊಟ್ಟಗೆ ತಿರುಗಿಸಿದಳು. ಹುಡುಗಿಯರು ಕಿಸಕ್ಕೆಂದರು.

"ಇದಲ್ಲ ಕಣಮ್ಮಾ," ಎಂದಳು ತೆಲೇಸಿಯಾ.

"ಅತ್ತೆ ನಂಗೆ ಕಲ್ಸಿರೋದು ಇಷ್ಟೇ."

ತೆಲೇಸಿಯಾ ಆ ಸುತ್ತನ್ನು ಬಿಚ್ಚಿ, ಹಾಗಾದರೆ ನಿಮ್ಮನ್ನು ಬಿಟ್ಟರೆ ನಮಗೆ ಗತಿಯಿಲ್ಲ ಎಂದು ಬುಟ್ಟಿಯನ್ನು ಲೋಸೆಲಿಯ ಮಡಿಲಿಗಿಟ್ಟಳು. ಮೂರನೇ ಸಾಲಿನವರೆಲ್ಲ ಎದ್ದು ಬಂದು ಕುರ್ಚಿಯ ಸುತ್ತ ನಿಂತರು. ಬೀಸಣಿಗೆ ಕೆಳಗೆ ಬಿತ್ತು.

ಫೂಸಿ ತನ್ನ ಜಾಗಕ್ಕೆ ಬಂದು ತಲೆ ತಗ್ಗಿಸಿ ಕೂತಳು. ಕುರ್ಚಿಯ ಕಡೆಯಿಂದ ಬಹಳ ಹೊತ್ತು ಗರಿಯ ಸದ್ದೇ ಬರಲಿಲ್ಲ. ಫೂಸಿಯ ಎಡಗೈ ತಾನಾಗಿ ಮುಂದೆ ಬಂತು. ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು, ಬಲಗೈಯಿಂದ ಹೊಸ ಗರಿಯೊಂದನ್ನು ನೀರಿಗೆ ಅದ್ದಿದಳು.