ಅತ್ತೆಗೊಂದು ಸ್ಕೀ ಸೀಟು

ನನ್ನ ಗಂಡ ಶ್ರೀಹರಿಯ ಮನೆಯಲ್ಲಿ ಒಂದು ಸಲ ಕೇಳಿದರೆ ಅದು ಕೇಳಿದ ಲೆಕ್ಕಕ್ಕೇ ಇಲ್ಲ. ಕಾಫಿ ಕೊಡಲೇ ಎಂದರೆ ಮೊದಲು ‘ಬೇಡ’, ಮತ್ತೆ ಕೇಳಿದರೆ ‘ಈಗ ತಾನೇ ಆಯ್ತು’, ಮೂರನೆಯ ಸಲಕ್ಕೆ ‘ಸರಿ, ಅರ್ಧ ಲೋಟ’. ಆ ಅರ್ಧ ಲೋಟ ಎಂದರೆ ತುಂಬಿದ ಲೋಟ ಎಂದು ಸೊಸೆಯಾದವಳು ತಾನೇ ತಿಳಿದುಕೊಳ್ಳಬೇಕು. ಮದುವೆಯಾದ ಹೊಸದರಲ್ಲಿ ಇದನ್ನೆಲ್ಲ ಕಲಿತಿದ್ದೆ. ಆಮೇಲೆ ಅಮೆರಿಕದ ಗ್ಲೆಂಡೇಲ್ ಹೈಟ್ಸ್‌ನಲ್ಲಿ ಮನೆ ಮಾಡಿದೆವು. ಬೇಕೆಂದರೆ ಬೇಕು, ಬೇಡವೆಂದರೆ ಬೇಡ ಎನ್ನುವ ಜನರ ಜೊತೆ ಆಫೀಸಿನಲ್ಲಿ ವರ್ಷಗಟ್ಟಲೆ ಹೆಣಗಿ ಎಲ್ಲ ಮರೆತುಬಿಟ್ಟೆ.

ಜಪಾನಿನ ಮಾತು ಬಂದದ್ದು ಸೆಪ್ಟೆಂಬರಿನಲ್ಲಿ. ಡಿಸೆಂಬರ್ ರಜೆಗೆ ಬೆಂಗಳೂರಿಗೆ ಹೋಗುವ ದಾರಿಯಲ್ಲಿ ಟೋಕಿಯೋದಲ್ಲಿ ಇಳಿದು, ಒಂದು ಹಿಮದ ಊರಿನಲ್ಲಿ ನಾಲ್ಕು ದಿನ ಇದ್ದು ಸ್ಕೀ ಕಲಿಯಬೇಕೆಂದು ಹಟ ಹಿಡಿದವಳು ನಾನೇ. ನಮ್ಮ ಇಲಿನಾಯ್ ದೋಸೆಕಲ್ಲಿನಷ್ಟು ಚಪ್ಪಟೆ. ಇಲ್ಲಿ ಹಿಮ ಎಂದರೆ ಆಫೀಸಿಗೆ ಹೊರಡುವ ಮುಂಚೆ ಡ್ರೈವ್‌ವೇಯಿಂದ ಎತ್ತಿ ಹಾಕುವ ಕಸ. ಅದರ ಮೇಲೆ ಒಮ್ಮೆಯಾದರೂ ಜಾರಿ ಖುಷಿಪಡಬೇಕೆಂದು ನನಗೆ ಬಹಳ ವರ್ಷಗಳಿಂದ ಆಸೆ. ಇಲ್ಲೇ ಹತ್ತಿರದ ಲೆಮಾಂಟ್ ದೇವಸ್ಥಾನದ ಊಟದ ಸಾಲಿನಲ್ಲಿ ಸಿಕ್ಕ ಗೆಳತಿ ಶುಭಾ ನನ್ನನ್ನು ಚೆನ್ನಾಗಿ ಹೆದರಿಸಿದ್ದಳು. ಜಪಾನಿನ ಆ ಊರಲ್ಲಿ ಇಂಗ್ಲಿಷಿನಲ್ಲಿ ಹೇಳಿಕೊಡುವ ಟೀಚರುಗಳು ಕಡಿಮೆಯಂತೆ. ಬುಕಿಂಗ್ ತೆರೆದ ದಿನವೇ ಸೀಟು ಹಿಡಿಯದಿದ್ದರೆ ಬೆಟ್ಟ ನೋಡಿಕೊಂಡು ವಾಪಸ್ ಬರಬೇಕಂತೆ.

ಹಾಗಾಗಿ ತೆರೆದ ದಿನವೇ ಕಂಪ್ಯೂಟರಿನ ಮುಂದೆ ಕೂತೆ. ಶ್ರೀಹರಿಗೆ ಸ್ನೋಬೋರ್ಡ್, ಮಗಳು ಇಂಚರಳಿಗೆ ಮಕ್ಕಳ ಕ್ಲಾಸು, ನನಗೆ ದೊಡ್ಡವರ ಸ್ಕೀ ಕ್ಲಾಸು. ಎಲ್ಲವೂ ಇಂಗ್ಲಿಷಿನಲ್ಲಿ, ಎಲ್ಲವೂ ಹೊಸಬರಿಗೆ. ಅತ್ತೆ ಅನುಸೂಯಮ್ಮ ಪಕ್ಕದಲ್ಲೇ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದರು. ಮಾವ ಹೋದ ಮೇಲೆ ಅವರು ನಮ್ಮ ಜೊತೆಗೇ ಇದ್ದಾರೆ.

“ಅತ್ತೆ, ನಿಮಗೂ ಬುಕ್ ಮಾಡ್ಲಾ?”

“ಅಯ್ಯೋ, ನಂಗ್ಯಾಕಮ್ಮ ಈ ವಯಸ್ಸಲ್ಲಿ. ಬೇಡ.”

ಸರಿ ಎಂದು ಬಟನ್ ಒತ್ತಿಬಿಟ್ಟೆ. ಅವರ ಹೆಸರಿನ ಮುಂದೆ ‘ಜೊತೆಗೆ ಬರುವವರು, ಕ್ಲಾಸ್ ಇಲ್ಲ’ ಎಂದು ಬಂತು. ಹುರುಳಿಕಾಯಿ ಹಿಡಿದ ಕೈ ಒಂದು ಗಳಿಗೆ ಸುಮ್ಮನಾದದ್ದು ನನಗೆ ಕಂಡಿತ್ತು. ಕಂಡದ್ದು ತಲೆಗೆ ಹೋಗಲಿಲ್ಲ, ಅಷ್ಟೇ.

ನವೆಂಬರಿನಲ್ಲಿ ಮೊದಲ ಹಿಮ ಬಿತ್ತು. ಅದೊಂದು ಶನಿವಾರ ಅಡುಗೆಮನೆಯ ಕಿಟಕಿಯಿಂದ ನೋಡುತ್ತೇನೆ, ನಮ್ಮ ಬಡಾವಣೆಯ ಕೆರೆಯ ಏರಿಯ ಮೇಲೆ ಯಾರೋ ಅಡ್ಡಡ್ಡವಾಗಿ ಹತ್ತುತ್ತಿದ್ದಾರೆ. ಅತ್ತೆ. ಶ್ರೀಹರಿಯ ಹಳೇ ಸ್ನೋ ಪ್ಯಾಂಟನ್ನು ಕೆಳಗೆ ಮಡಚಿಕೊಂಡಿದ್ದಾರೆ, ತಲೆಗೆ ನನ್ನ ಉಲ್ಲನ್ ಟೋಪಿ. ಮೇಲೆ ಹೋಗಿ ಮಂಡಿ ಬಗ್ಗಿಸಿ, ಎರಡೂ ಕೈ ಮುಂದೆ ಚಾಚಿ, ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿಕೊಂಡು ನಿಧಾನವಾಗಿ ಇಳಿದರು. ಅರ್ಧಕ್ಕೇ ಜಾರಿ ಕುಂಡೆ ಊರಿ ಕೂತರು. ಯಾರಾದರೂ ನೋಡಿದರಾ ಎಂದು ಸುತ್ತ ನೋಡಿ, ಒಬ್ಬರೇ ನಕ್ಕು, ಪಕ್ಕಕ್ಕೆ ಹೊರಳಿ ಎದ್ದು ಮತ್ತೆ ಹತ್ತಿದರು.

“ಶೀ ಡಸ್ ಇಟ್ ಎವೆರಿ ಡೇ, ಅಮ್ಮಾ,” ಎಂದಳು ಪಕ್ಕಕ್ಕೆ ಬಂದು ನಿಂತ ಇಂಚರ. ಹಿಮ ಬೀಳುವ ಮುಂಚೆ ಹುಲ್ಲಿನ ಮೇಲೂ ಮಾಡುತ್ತಿದ್ದರಂತೆ. ನಾನು ಆಫೀಸಿಗೆ ಹೋದ ಮೇಲೆ ಅವಳ ಐಪ್ಯಾಡಿನಲ್ಲಿ ಸ್ಕೀ ವಿಡಿಯೋ ನೋಡುತ್ತಾರಂತೆ.

ನನಗೆ ನಗು ಬರಲಿಲ್ಲ. ಅತ್ತೆ ಮೈಸೂರಿನಲ್ಲಿ ಕಾಲೇಜು ಓದುವಾಗ ಖೋ ಖೋ ತಂಡದ ನಾಯಕಿ. ಹಾಗೆ ಬಾಗಿದ ಮಂಡಿ, ಹಾಗೆ ಎತ್ತಿದ ಕತ್ತು, ಒಂದು ಹಳೇ ಫೋಟೋದಲ್ಲಿ ಮಾತ್ರ ನೋಡಿದ್ದೆ. ಇಂಥ ಹೆಂಗಸಿಗೆ ಚಳಿಗಾಲವೆಲ್ಲ ಕಿಟಕಿಯ ಪಕ್ಕ ಸೋಫಾ ತೋರಿಸಿ ಕೂರಿಸಿದ್ದೆವಲ್ಲ ಎಂದು ನನ್ನ ಮೇಲೆಯೇ ಕೆಟ್ಟ ಸಿಟ್ಟು ಬಂತು. ಒಂದೇ ಸಲ ಕೇಳಿ ಬಿಟ್ಟಿದ್ದೆ. ನಮ್ಮ ಮನೆಯಲ್ಲಿ ಬಾಗಿಲಿಗೆ ಬಂದ ಪಾರ್ಸೆಲ್ ಹುಡುಗನಿಗೂ ನೀರು ಬೇಕಾ ಎಂದು ಎರಡು ಸಲ ಕೇಳುತ್ತಾರೆ.

ಅವತ್ತೇ ಜಪಾನಿನ ಸ್ಕೀ ಶಾಲೆಗೆ ಬರೆದೆ. ಬಹಳ ವಿನಯದ ಉತ್ತರ ಬಂತು. ಇಂಗ್ಲಿಷ್ ಕ್ಲಾಸುಗಳು ಪೂರ್ತಿ ತುಂಬಿವೆ. ಜಪಾನೀಸ್ ಕ್ಲಾಸಿನಲ್ಲಿ ಜಾಗವಿದೆ, ಆದರೆ ನಿಲ್ಲಿ ಎಂದಾಗ ಅರ್ಥವಾಗದಿದ್ದರೆ ಅಪಾಯ, ಆದ್ದರಿಂದ ಕೊಡಲಾಗದು. ನಿಮ್ಮಲ್ಲೇ ಯಾರಾದರೂ ಸೀಟು ಬಿಟ್ಟರೆ ಹೆಸರು ಬದಲಾಯಿಸಬಹುದು. ಆದರೆ ಟೀಚರ್ ಒಮ್ಮೆ ವಿಡಿಯೋ ಕಾಲ್ ಮಾಡಿ ಮಾತಾಡುತ್ತಾರೆ, ವಯಸ್ಸಾದವರನ್ನು ಮನೆಯವರು ಬಲವಂತಕ್ಕೆ ಕಳಿಸುವುದು ಅವರಿಗೆ ಇಷ್ಟವಿಲ್ಲ. ಕಾಲ್‌ನಲ್ಲಿ ಆ ಹಿರಿಯರು ಬೇಡವೆಂದರೆ ಆ ಸೀಟು ಕಾಯುತ್ತಿರುವ ಬೇರೆಯವರಿಗೆ ಹೋಗುತ್ತದೆ.

ದೊಡ್ಡವರ ಸ್ಕೀ ಕ್ಲಾಸಿನಲ್ಲಿ ನಮ್ಮ ಮನೆಯ ಸೀಟು ಇದ್ದದ್ದು ಒಂದೇ. ನನ್ನದು.

ಒಂದು ದಿನ ಮುಖ ಊದಿಸಿಕೊಂಡು ಓಡಾಡಿದೆ. ಶ್ರೀಹರಿ ಕೇಳಿದ್ದಕ್ಕೆಲ್ಲ ರೇಗಿದೆ. ಸಂಜೆ ಮತ್ತೆ ಕಿಟಕಿಗೆ ಹೋದೆ. ಅತ್ತೆ ಈಗ ಏರಿಯ ಅರ್ಧ ದಾಟಿ, ಬೀಳದೆ, ಕೆಳಗಿನವರೆಗೂ ಬಂದರು. ಬಂದು ಎರಡೂ ಕೈ ಮೇಲೆತ್ತಿ ನಿಂತರು, ಯಾರೂ ಇಲ್ಲದ ಕೆರೆಯ ಮುಂದೆ. ನಾನು ಕಿಟಕಿ ಬಿಟ್ಟು ಬಂದು, ಸುಹಾಸಿನಿ ಎಂಬ ನನ್ನ ಹೆಸರು ತೆಗೆದು ಅತ್ತೆಯ ಹೆಸರು ಹಾಕಿ ಎಂದು ಬರೆದುಬಿಟ್ಟೆ.

ಅದು ನನ್ನ ಸೀಟು ಎಂದು ಅತ್ತೆಗೆ ಹೇಳಲಿಲ್ಲ. ಹೇಳಿದ್ದರೆ ನೂರು ಸಲ ಕೇಳಿದರೂ ಒಪ್ಪುತ್ತಿರಲಿಲ್ಲ. ಒಂದು ಸೀಟು ಖಾಲಿಯಾಗಿದೆ, ಟೀಚರ್ ಫೋನ್ ಮಾಡುತ್ತಾಳೆ ಎಂದಷ್ಟೇ ಹೇಳಿದೆ. “ನಂಗ್ಯಾಕಮ್ಮ,” ಎಂದು ಅವರು ಶುರು ಮಾಡಿದರು. ನಾನು ಎರಡನೆಯ ಸಲ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಕಾಲ್ ಬಂದೇಬಿಟ್ಟಿತು.

ನಮ್ಮ ರಾತ್ರಿ ಅಡುಗೆಯ ಹೊತ್ತು, ಅಲ್ಲಿ ಮರುದಿನದ ಬೆಳಗು. ಟೀಚರ್ ಹೆಸರು ಮಿಡೋರಿ. ಬಿಸಿಲಿಗೆ ಕೆಂಪಾದ ಕೆನ್ನೆಯ ಹೆಂಗಸು. ಮನೆಯವರು ದಯವಿಟ್ಟು ಮಾತಾಡಬಾರದು ಎಂದು ಮೊದಲೇ ಹೇಳಿಬಿಟ್ಟಳು. ಮೊದಲ ‘ಬೇಡ’ದ ಆಚೆ ಅತ್ತೆಯನ್ನು ದಾಟಿಸುವವಳು ನಾನೊಬ್ಬಳೇ, ನನ್ನ ಬಾಯಿಗೇ ಬೀಗ.

ಮಿಡೋರಿ ಒಂದೊಂದೇ ಮಾತನ್ನು ಬಿಡಿಸಿ ಇಟ್ಟಂತೆ ಮಾತಾಡಿದಳು. ಮೊಮ್ಮಗಳ ಇಂಗ್ಲಿಷಿಗೆ ಸದಾ ಕಿವಿ ಚೂಪು ಮಾಡುವ ಅತ್ತೆಗೆ ಇದು ಸಲೀಸಾಗಿ ಅರ್ಥವಾಯಿತು. ‘ನಾನು ನಿಲ್ಲಿ ಎಂದರೆ ಏನು ಮಾಡುತ್ತೀರಿ?’ ಎಂದು ಕೇಳಿದಳು. ಅತ್ತೆ ಕುರ್ಚಿಯಿಂದ ಎದ್ದು ಎರಡು ಹೆಜ್ಜೆ ಹಿಂದೆ ಸರಿದು, ಸೆರಗು ಸಿಕ್ಕಿಸಿ, ಕಾರ್ಪೆಟ್ ಮೇಲೆ ಮಂಡಿ ಬಗ್ಗಿಸಿ ಕಾಲ್ಬೆರಳುಗಳನ್ನು ಒಳಕ್ಕೆ ತಿರುಗಿಸಿ, ಸ್ಕೀ ನಿಲ್ಲಿಸುವ ಭಂಗಿಯಲ್ಲೇ ನಿಂತರು. ಮಿಡೋರಿ ಅಲ್ಲಿಂದಲೇ ತಲೆ ಬಾಗಿಸಿದಳು. ಆಮೇಲೆ ನಾನು ಹೆದರಿದ್ದ ಪ್ರಶ್ನೆ ಕೇಳಿದಳು.

“ಡು ಯೂ ವಾಂಟ್ ಟು ಸ್ಕೀ?”

ಅತ್ತೆ ನನ್ನ ಕಡೆ ನೋಡಿದರು. ನಾನು ತುಟಿ ಕಚ್ಚಿಕೊಂಡೆ. ಒಲೆಯ ಮೇಲೆ ಸಾರು ಕುದಿಯುವುದು ಕೇಳುತ್ತಿತ್ತು.

“ಯೆಸ್,” ಎಂದರು. ಸ್ವಲ್ಪ ತಡೆದು, ಇನ್ನೂ ಗಟ್ಟಿಯಾಗಿ, “ಐ ವಾಂಟ್.”

ನನಗೆ ಎದ್ದು ಅವರನ್ನು ತಬ್ಬಿಕೊಳ್ಳುವಂತಾಯಿತು. ಈ ಮನೆಗೆ ಬಂದಾಗಿನಿಂದ ಅವರು ಮೊದಲ ಸಲಕ್ಕೇ ಬೇಕು ಎಂದದ್ದನ್ನು ನಾನು ಕೇಳಿರಲಿಲ್ಲ. ಯಾರೂ ಬಲವಂತ ಮಾಡದೆ, ಬೇರೆಯವರ ಭಾಷೆಯಲ್ಲಿ, ಪರಿಚಯವಿಲ್ಲದವಳ ಮುಂದೆ, ತಮಗೆ ಬೇಕಾದ್ದನ್ನು ಬೇಕು ಎಂದುಬಿಟ್ಟರು.

ಮಿಡೋರಿ ಖುಷಿಯಿಂದ, ಹಾಗಾದರೆ ಸುಹಾಸಿನಿಯ ಸೀಟು ಇನ್ನು ಮಿಸೆಸ್ ಅನುಸೂಯ ಅವರದು ಎಂದು ಹೇಳಿ ಕೈ ಬೀಸಿ ಫೋನ್ ಇಟ್ಟಳು. ಅದೂ ಅತ್ತೆಗೆ ಚೆನ್ನಾಗಿಯೇ ಅರ್ಥವಾಯಿತು. ನಾನು ಸಾರಿನ ಕಡೆ ಓಡಿದೆ, ಅವರು ಹಿಂದೆಯೇ ಬಂದರು.

“ನಿನ್ನ ಸೀಟಾ ಅದು? ಬೇಜಾರಾಯ್ತಾ ನಿಂಗೆ?”

“ಇಲ್ಲ ಅತ್ತೆ.”

“ನಿಜ ಹೇಳು.”

“ಛೆ, ನಂಗ್ಯಾಕೆ ಬೇಜಾರು. ಮುಂದಿನ ಸಲ ಹೋದ್ರಾಯ್ತು.”

ಅವರು ಒಲೆ ಆರಿಸಿ, ನನ್ನ ಗಲ್ಲ ಹಿಡಿದು ತಮ್ಮ ಕಡೆ ತಿರುಗಿಸಿಕೊಂಡು ಮೂರನೆಯ ಸಲ ಕೇಳಿದರು.

“ಸ್ವಲ್ಪ,” ಎಂದೆ. ಕಣ್ಣು ತುಂಬಿಬಿಟ್ಟಿತು. ಈ ಮನೆಯಲ್ಲಿ ಸ್ವಲ್ಪ ಎಂದರೆ ಎಷ್ಟು ಎಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ.

“ಬೆಳಿಗ್ಗೆ ಅವಳು ಹೇಳಿಕೊಟ್ಟಿದ್ದನ್ನ ಮಧ್ಯಾಹ್ನ ನಾನು ನಿಂಗೆ ಹೇಳ್ಕೊಡ್ತೀನಿ,” ಎಂದರು ಅತ್ತೆ. “ಕನ್ನಡದಲ್ಲಿ. ನಾಳೆಯಿಂದ್ಲೇ ಬಾ ಏರಿಗೆ. ಬರ್ತೀಯಾ?”

ನಾನು ಮೊದಲ ಸಲಕ್ಕೇ ಹೂಂ ಎಂದೆ.